ಲೀನಾ, ಕಾಮಿನಿ, ಗುಲಾಬೋ: 'ಸಿ.ಐ.ಡಿ.'ಯ ಕತ್ತಲೆಯಲ್ಲಿ ಹೆಣ್ಣು

'ಸಿ.ಐ.ಡಿ.' ಅಂದರೆ ನನ್ನ ವಯಸ್ಸಿನವರಿಗೆ ಮೊದಲು ನೆನಪಾಗುವುದು ಟಿ.ವಿ.ಯಲ್ಲಿ ಬಾಗಿಲು ಒಡೆಯುವ ದಯಾ. ನಮ್ಮ ಅಮ್ಮಂದಿರಿಗೆ ನೆನಪಾಗುವುದು ಹಾಡುಗಳು. ಓ.ಪಿ. ನಯ್ಯರ್ ಅವರ ಕುದುರೆಗಾಡಿ ತಾಳ, ಶಮ್ಶಾದ್ ಬೇಗಂ ಅವರ ತುಂಬು ಕಂಠ, ಗೀತಾ ದತ್ ಅವರ ತುಂಟ ದನಿ. 1956ರಲ್ಲಿ ತೆರೆಕಂಡ ಈ ಕಪ್ಪುಬಿಳುಪು ಚಿತ್ರವನ್ನು ಹಾಡುಗಳ ಚಿತ್ರವೆಂದೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆ ಹಾಡುಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಉಳಿಯುವುದು ಒಂದು ಮಹಾನಗರ, ಅದರ ರಾತ್ರಿ, ಆ ರಾತ್ರಿಯಲ್ಲಿ ಮನೆಯ ಹೊರಗಿರುವ ಹೆಂಗಸರು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಒಂದು ಪತ್ತೇದಾರಿ ಚಿತ್ರದ ಚರಿತ್ರೆಯನ್ನು ಆಯ್ದುಕೊಂಡದ್ದು ಈ ಮೂರನೆಯ ಕಾರಣಕ್ಕೆ.

ಮೊದಲು ಕಥೆ. ನಗರದ ಪ್ರತಿಷ್ಠಿತ ವ್ಯಕ್ತಿಯೊಬ್ಬನ ಕಳ್ಳದಂಧೆಯನ್ನು ಬಯಲು ಮಾಡಲು ಪತ್ರಿಕಾ ಸಂಪಾದಕನೊಬ್ಬ ಸಿದ್ಧನಾಗಿದ್ದಾನೆ. ಬೆದರಿಕೆಯ ಫೋನ್ ಕರೆಗಳು ಬರುತ್ತವೆ. ಅವನು ತನ್ನ ಗೆಳೆಯ ಇನ್‌ಸ್ಪೆಕ್ಟರ್ ಶೇಖರ್‌ನಿಗೆ (ದೇವಾನಂದ್) ಹೇಳಿ ಕಳಿಸುತ್ತಾನೆ. ಶೇಖರ್ ಬರುವಷ್ಟರಲ್ಲಿ ಕೊಲೆ ಆಗಿಹೋಗಿರುತ್ತದೆ. ಅದನ್ನು ಕಂಡ ಒಬ್ಬನೇ ಸಾಕ್ಷಿ ಜೇಬುಗಳ್ಳ ಮಾಸ್ಟರ್ (ಜಾನಿ ವಾಕರ್). ಬಾಡಿಗೆ ಹಂತಕ ಶೇರ್ ಸಿಂಗ್ ಆಗಿ ಇನ್ನೂ ಹೆಸರು ಮಾಡಿರದ ಮೆಹಮೂದ್ ಇದ್ದಾರೆ. ಅವನು ಸಿಕ್ಕಿಬೀಳುತ್ತಾನೆ, ಆದರೆ ಲಾಕಪ್ಪಿನಲ್ಲೇ ಸಾಯುತ್ತಾನೆ. ಆ ಸಾವಿನ ಆರೋಪ ಶೇಖರ್‌ನ ತಲೆಗೇ ಬರುತ್ತದೆ. ನಿನ್ನೆಯ ತನಕ ಅಪರಾಧಿಯನ್ನು ಹುಡುಕುತ್ತಿದ್ದವನು ಇಂದು ತಾನೇ ತಲೆಮರೆಸಿಕೊಂಡು ಓಡಬೇಕು. ಪೊಲೀಸ್ ವಶದಲ್ಲಿ ಒಬ್ಬ ಸತ್ತರೆ ಅದಕ್ಕೆ ಇನ್‌ಸ್ಪೆಕ್ಟರನೂ ಉತ್ತರ ಕೊಡಬೇಕು ಎಂಬ ನಿಯಮ ಈ ಚಿತ್ರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಈಚಿನ ಪೊಲೀಸ್ ಚಿತ್ರಗಳನ್ನು ನೋಡಿ ಬೆಳೆದ ನನಗೆ ಇದು ಆಶ್ಚರ್ಯವೆನಿಸಿತು.

ಈ ಬಗೆಯ ಚಿತ್ರಗಳಿಗೆ 'ಫಿಲ್ಮ್ ನುವಾರ್' ಎನ್ನುತ್ತಾರೆ. ಫ್ರೆಂಚಿನಲ್ಲಿ ಹಾಗೆಂದರೆ 'ಕಪ್ಪು ಚಿತ್ರ'. ಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಬಾರದೆ ಉಳಿದಿದ್ದ ಅಮೆರಿಕದ ಅಪರಾಧ ಚಿತ್ರಗಳು ಯುದ್ಧ ಮುಗಿದ ಮೇಲೆ ಒಟ್ಟೊಟ್ಟಿಗೆ ಬಂದಾಗ, 1946ರಲ್ಲಿ ಅಲ್ಲಿನ ವಿಮರ್ಶಕರು ಇಟ್ಟ ಹೆಸರು ಅದು. ಮಳೆ ಬಿದ್ದ ಬೀದಿ, ಅರ್ಧ ಮಾತ್ರ ಕಾಣುವ ಮುಖ, ಯಾರನ್ನೂ ಪೂರ್ತಿ ನಂಬಲಾಗದ ಊರು ಇವೆಲ್ಲ ಅದರ ಲಕ್ಷಣಗಳು. ಇನ್ನೊಂದು ಲಕ್ಷಣ, ಗಂಡನ್ನು ಬಲೆಗೆ ಬೀಳಿಸುವ ಚೆಲುವೆ. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಬಾರ್ಬರಾ ಸ್ಟಾನ್‌ವಿಕ್ ಮಾಡಿದ ಪಾತ್ರ ಇದರ ಮಾದರಿ. ಅಂಥವಳು ಕೊನೆಗೆ ಸಾಯಲೇಬೇಕು. ಪಾಪಕ್ಕೆ ಶಿಕ್ಷೆ ತೋರಿಸದೆ ಬಿಡುವಂತಿಲ್ಲ ಎಂಬ ಕಟ್ಟುಪಾಡು ಹಾಲಿವುಡ್ಡಿನಲ್ಲಿ ಬರವಣಿಗೆಯಲ್ಲೇ ಇತ್ತು.

ಮುಂಬಯಿಗೆ ಈ ಕತ್ತಲೆ ಬರೀ ಅಮೆರಿಕದಿಂದ ಬಂದದ್ದಲ್ಲ. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಮಲಾಡಿನಲ್ಲಿ ಕಟ್ಟಿದ ಬಾಂಬೆ ಟಾಕೀಸಿನಲ್ಲಿ ಫ್ರಾಂಜ್ ಓಸ್ಟೆನ್, ಯೋಸೆಫ್ ವಿರ್ಷಿಂಗ್‌ರಂಥ ಜರ್ಮನ್ ತಂತ್ರಜ್ಞರಿದ್ದರು. ನೆರಳಿನಲ್ಲಿ ಕಥೆ ಹೇಳುವ ಪಾಠ ಇಲ್ಲಿ ಆಗಲೇ ನಡೆದಿತ್ತು. ಅದೇ ಸಂಸ್ಥೆಯ ಜ್ಞಾನ್ ಮುಖರ್ಜಿ 1943ರಲ್ಲಿ 'ಕಿಸ್ಮತ್' ತೆಗೆದು, ಕಳ್ಳನೂ ನಾಯಕನಾಗಬಹುದು ಎಂದು ತೋರಿಸಿದರು. ಅವರ ಬಳಿ ಸಹಾಯಕನಾಗಿ ಕೆಲಸ ಮಾಡಿದ ಹುಡುಗ ಗುರುದತ್. ಮುಂದೆ 'ಸಿ.ಐ.ಡಿ.'ಯ ನಿರ್ಮಾಪಕನಾದವನು ಅವನೇ.

ಗುರುದತ್ ನಮ್ಮವರು ಎಂದು ಎದೆ ತಟ್ಟಿಕೊಳ್ಳುವ ಅಭ್ಯಾಸ ಕನ್ನಡ ಸಂಘಗಳಲ್ಲಿ ಇದೆ, ಇರಲಿ. ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ. ಮನೆಮಾತು ಕೊಂಕಣಿ, ಬಾಲ್ಯ ಕಲ್ಕತ್ತೆಯದು. ನಾವು ಇನ್ನೂ ಹೆಚ್ಚು ಹೇಳಿಕೊಳ್ಳಬೇಕಾದ ಹೆಸರು ಅವರ ತಾಯಿ ವಾಸಂತಿ ಪಡುಕೋಣೆಯವರದು. ಅವರು ಸ್ವತಃ ಲೇಖಕಿ, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗನನ್ನು ಕಳೆದುಕೊಂಡ ಮೇಲೆ 'ನನ್ನ ಮಗ ಗುರುದತ್ತ' ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಗುರುದತ್ ಮೇಲೆ ಎಷ್ಟೋ ಭಾಷೆಗಳಲ್ಲಿ ಪುಸ್ತಕಗಳಿವೆ. ಹೆತ್ತವಳ ಪುಸ್ತಕ ನಮ್ಮ ಭಾಷೆಯಲ್ಲಿದೆ.

ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ ಗುರುದತ್ತರಿಗೆ ದೇವಾನಂದ್ ಪರಿಚಯವಾಯಿತು. ಧೋಬಿ ಅಂಗಿ ಅದಲುಬದಲು ಮಾಡಿದ್ದರಿಂದ ಶುರುವಾದ ಗೆಳೆತನ ಎಂದು ದೇವಾನಂದ್ ಹೇಳುತ್ತಿದ್ದರು. ನಾನು ನಿರ್ಮಾಪಕನಾದರೆ ನೀನು ನಿರ್ದೇಶಕ, ನೀನು ನಿರ್ದೇಶಕನಾದರೆ ನಾನು ನಾಯಕ ಎಂಬ ಮಾತು ಇಬ್ಬರಲ್ಲೂ ಆಗಿತ್ತು. ಅದರಂತೆ 1951ರಲ್ಲಿ ನವಕೇತನದ 'ಬಾಜಿ' ಬಂತು. ಜೂಜಿನ ಅಡ್ಡೆ, ಮುಖ ತೋರಿಸದ ಯಜಮಾನ, ನೈಟ್‌ಕ್ಲಬ್ಬಿನ ಕುಣಿತಗಾತಿ ಲೀನಾ. ಗೀತಾ ಬಾಲಿ ಮಾಡಿದ ಈ ಲೀನಾ ಯಜಮಾನನ ವಿರುದ್ಧ ನಾಯಕನ ಪರ ನಿಂತು ಪ್ರಾಣ ತೆರುತ್ತಾಳೆ. ನಾಯಕ ಸಿಗುವುದು ಡಾಕ್ಟರ್ ರಜನಿಗೆ. ಲೀನಾ ಸತ್ತದ್ದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

'ಬಾಜಿ'ಯ ಸೆಟ್ಟಿನಲ್ಲಿ ಕ್ಯಾಮೆರಾಮನ್ ವಿ. ರಾತ್ರಾ ಅವರ ಸಹಾಯಕನಾಗಿ ಮೈಸೂರಿನ ಒಬ್ಬ ಯುವಕನಿದ್ದ. ಹಾಡೊಂದರ ಚಿತ್ರೀಕರಣದಲ್ಲಿ ಕನ್ನಡಿಯಿಂದ ಶುರುವಾಗುವ ಕಷ್ಟದ ಶಾಟ್ ಒಂದನ್ನು ಅವನು ಸೂಚಿಸಿದ, ಒಪ್ಪಿಗೆ ಪಡೆದು ತಾನೇ ತೆಗೆದೂ ತೋರಿಸಿದ. ಮುಂದಿನ ಚಿತ್ರದಿಂದ ನೀನೇ ನನ್ನ ಕ್ಯಾಮೆರಾಮನ್ ಎಂದರು ಗುರುದತ್. ಅವರೇ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು, ಪಿಟೀಲು ಬಲ್ಲವರು. 'ಜಾಲ್', 'ಆರ್ ಪಾರ್' ಆದ ಮೇಲೆ ಬಂದದ್ದು 'ಸಿ.ಐ.ಡಿ.' ಗುರುದತ್ ಅದನ್ನು ತಾವು ನಿರ್ದೇಶಿಸದೆ ಶಿಷ್ಯ ರಾಜ್ ಖೋಸ್ಲಾರ ಕೈಗೆ ಕೊಟ್ಟರು. ಕ್ಯಾಮೆರಾ ಮಾತ್ರ ಮೂರ್ತಿಯವರದೇ.

ಎಂ.ಟೆಕ್. ಓದುವಾಗ ಇಮೇಜ್ ಪ್ರೊಸೆಸಿಂಗ್ ನನ್ನ ವಿಷಯವಾಗಿತ್ತು, ಆ ಚಾಳಿ ಇನ್ನೂ ಬಿಟ್ಟಿಲ್ಲ. 'ಸಿ.ಐ.ಡಿ.'ಯ ಕೆಲವು ರಾತ್ರಿ ದೃಶ್ಯಗಳ ಫ್ರೇಮ್‌ಗಳನ್ನು ತೆಗೆದು ಹಿಸ್ಟೋಗ್ರಾಮ್ ಹಾಕಿ ನೋಡಿದೆ. ಚಿತ್ರದಲ್ಲಿ ಎಷ್ಟು ಕಪ್ಪು, ಎಷ್ಟು ಬೂದು, ಎಷ್ಟು ಬಿಳುಪು ಇದೆ ಎಂದು ತೋರಿಸುವ ನಕ್ಷೆ ಅದು. ಮಾಮೂಲು ಹಗಲಿನ ಫೋಟೋದಲ್ಲಿ ನಡುವೆ ಒಂದು ಗುಡ್ಡ ಕಾಣಿಸುತ್ತದೆ. ಇಲ್ಲಿ ಗುಡ್ಡವೆಲ್ಲ ಎಡಗಡೆಗೆ, ಕಪ್ಪಿನ ಕಡೆಗೆ ಕುಸಿದಿದೆ. ಬಲತುದಿಯಲ್ಲಿ ಒಂದು ಸಣ್ಣ ಮುಳ್ಳು ಮಾತ್ರ. ಆ ಮುಳ್ಳು ಯಾರದೋ ಕೆನ್ನೆ, ಒಂದು ಟೆಲಿಫೋನಿನ ಅಂಚು, ಒದ್ದೆ ರಸ್ತೆಯ ಮಿನುಗು. ಇಂದಿನ ಕ್ಯಾಮೆರಾಗಳಲ್ಲಿ ಕತ್ತಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬಹುದು. ಆಗಿನ ಫಿಲ್ಮಿಗೆ ಬೆಳಕಿನ ಹಸಿವು ಜಾಸ್ತಿ. ದೀಪ ಕಡಿಮೆ ಇಟ್ಟರೆ ಕತ್ತಲೆ ಬರುತ್ತಿರಲಿಲ್ಲ, ಮಸಿ ಬರುತ್ತಿತ್ತು. ಕತ್ತಲೆ ಕಾಣಬೇಕಾದರೆ ಒಂದು ಕಡೆಯಿಂದ ಬಲವಾದ ಬೆಳಕು ಬಿಟ್ಟು, ಉಳಿದ ಕಡೆ ಬೀಳದಂತೆ ಅಡ್ಡ ಕಟ್ಟಬೇಕು. ಎಲ್ಲಿ ಬೆಳಕು ಬೇಡ ಎಂಬುದನ್ನು ಮೊದಲೇ ತಿಳಿದಿರಬೇಕು, ಮತ್ತು ರೀಲು ತೊಳೆದು ಬರುವ ತನಕ ಸರಿಯಾಯಿತೋ ಇಲ್ಲವೋ ಕಾಯಬೇಕು.

ಆ ಕತ್ತಲೆ ಯಾವ ಊರಿನದು? 1956ರ ಮುಂಬಯಿ ನಮಗೆ ಪರವೂರಲ್ಲ. ಆ ವರ್ಷದ ಅಕ್ಟೋಬರ್ ಕೊನೆಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಇದೇ ರಾಜಧಾನಿ. ನವೆಂಬರ್ 1ರಂದು ಅವು ಹೊಸ ಮೈಸೂರು ರಾಜ್ಯಕ್ಕೆ ಸೇರಿದವು. ಇತ್ತ ಮುಂಬಯಿ ಯಾರದು ಎಂಬ ಪ್ರಶ್ನೆಯ ಮೇಲೆ ಅದೇ ವರ್ಷದ ಜನವರಿಯಲ್ಲಿ ಗುಂಡು ಹಾರಿ ಜನ ಸತ್ತಿದ್ದರು. 1951ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಸುಮಾರು 30 ಲಕ್ಷ ಮುಟ್ಟಿತ್ತು. ದೇಶ ವಿಭಜನೆಯಿಂದ ಬಂದವರು, ಮಿಲ್ಲು ನಂಬಿ ಬಂದವರು, ಹೋಟೆಲು ನಂಬಿ ಬಂದ ನಮ್ಮ ಕರಾವಳಿಯ ಹುಡುಗರು, ಎಲ್ಲರೂ ಅದರಲ್ಲಿದ್ದರು. ಮೊರಾರ್ಜಿ ದೇಸಾಯಿಯವರ ಪಾನನಿಷೇಧ 1950ರಿಂದ ಪೂರ್ತಿಯಾಗಿ ಜಾರಿಯಲ್ಲಿತ್ತು. ಕುಡಿತ ನಿಲ್ಲಲಿಲ್ಲ, ಕಳ್ಳಭಟ್ಟಿ ಬೆಳೆಯಿತು. ಹಗಲು ದೊಡ್ಡ ಮನುಷ್ಯ, ರಾತ್ರಿ ದಂಧೆಯ ಯಜಮಾನ ಎಂಬ ಧರಮದಾಸ್‌ನಂಥ ಪಾತ್ರವನ್ನು ಚಿತ್ರಕಥೆಗಾರ ಇಂದರ್ ರಾಜ್ ಆನಂದ್ ಅಮೆರಿಕದಿಂದ ಆಮದು ಮಾಡಿಕೊಳ್ಳಬೇಕಾಗಿರಲಿಲ್ಲ.

ಜಾನಿ ವಾಕರ್‌ನ ಆ ಬೊಂಬಾಯಿ ಹಾಡು ಎಲ್ಲರಿಗೂ ಗೊತ್ತು. ಧಾಟಿ 'ಕ್ಲೆಮೆಂಟೈನ್' ಎಂಬ ಹಳೆಯ ಅಮೆರಿಕನ್ ಹಾಡಿನದು. ಮಾತು ಮಜ್ರೂಹ್ ಸುಲ್ತಾನ್‌ಪುರಿಯವರದು, ಅದಕ್ಕೆ ಕೆಲವೇ ವರ್ಷಗಳ ಹಿಂದೆ ತಮ್ಮ ಕವಿತೆಗಾಗಿ ಇದೇ ಸರ್ಕಾರದ ಜೈಲಿನಲ್ಲಿದ್ದವರು. ಮನೆಯಿಲ್ಲದವನನ್ನು ಪೋಲಿ ಎಂದು ಕರೆದು, ಕತ್ತು ಕೊಯ್ಯುವುದನ್ನು ವ್ಯಾಪಾರ ಎನ್ನುವ ಊರಿದು ಎಂದು ಗಂಡು ದನಿ ದೂರುತ್ತ ಹೋಗುತ್ತದೆ. ಕೊನೆಯಲ್ಲಿ ಕುಂಕುಂಗಾಗಿ ಹಾಡುವ ಗೀತಾ ದತ್ ಬಂದು, ಇಲ್ಲಿ ಬದುಕುವುದು ಅಷ್ಟೇನೂ ಕಷ್ಟವಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಾಳೆ. ಹಾಡು ಹಾಕಿದಾಗೆಲ್ಲ ನಾವು ದೂರಿನ ಭಾಗವನ್ನು ಗುನುಗುತ್ತೇವೆ. ಊರಿನ ಪರ ವಾದಿಸಿದ್ದು ಹೆಣ್ಣು ಎಂಬುದನ್ನು ಮರೆಯುತ್ತೇವೆ.

ಆ ಊರು ರಾತ್ರಿಯ ಹೊತ್ತು ಹೆಣ್ಣಿಗೆ ಎಷ್ಟು ತೆರೆದಿತ್ತು? 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ನೋಡಿ: ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ಹೆಂಗಸರು ದುಡಿಯುವಂತಿರಲಿಲ್ಲ. ಅಂಗಡಿ ಮತ್ತು ಕಚೇರಿಗಳಿಗೂ ಮುಂಬಯಿಯಲ್ಲಿ ಅಂಥದ್ದೇ ನಿರ್ಬಂಧವಿತ್ತು. ರಕ್ಷಣೆಗೆಂದೇ ಮಾಡಿದ್ದು, ಸಂಶಯವಿಲ್ಲ. ಪರಿಣಾಮ ಮಾತ್ರ ಬೇರೆ: ಕತ್ತಲಾದ ಮೇಲೆ ಸಂಬಳಕ್ಕಾಗಿ ಹೊರಗಿರುವ ಹೆಂಗಸು ಕಾನೂನಿನ ಲೆಕ್ಕದಲ್ಲಿ ಅಪವಾದ, ಬೀದಿಯ ಲೆಕ್ಕದಲ್ಲಿ ಸಂಶಯದ ವ್ಯಕ್ತಿ. ಫೋರ್ಟಿನಲ್ಲಿ ನಮ್ಮ ಹಿರಿಯರು ಕಟ್ಟಿದ ಕನ್ನಡ ರಾತ್ರಿಶಾಲೆಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಹಗಲೆಲ್ಲ ಹೋಟೆಲಿನಲ್ಲಿ ಬೆವರು ಸುರಿಸಿದ ಹುಡುಗರು ಅಲ್ಲಿ ಓದಿ ಮುಂದೆ ಬಂದರು. ನೆನೆಯಬೇಕಾದ್ದೇ. ಆದರೆ ಆ ಬೆಂಚುಗಳ ಮೇಲೆ ಕೂತವರು ಬಹುಪಾಲು ಹುಡುಗರೇ. ರಾತ್ರಿ ಎಂಬ ಸೌಲಭ್ಯ ಅವರ ಅಕ್ಕತಂಗಿಯರಿಗೆ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಅಂಗಡಿ ಮತ್ತು ಕಚೇರಿಗಳ ಹೊಸ ಕಾಯ್ದೆ ಬಂದು, ಹೆಣ್ಣಿನ ಒಪ್ಪಿಗೆ ಮತ್ತು ಭದ್ರತೆಯ ಏರ್ಪಾಡಿದ್ದರೆ ರಾತ್ರಿ 9.30ರ ನಂತರವೂ ದುಡಿಯಬಹುದು ಎಂದದ್ದು 2017ರಲ್ಲಿ. ಅಮೆರಿಕದ ಗಿರಾಕಿಯ ಸರ್ವರ್ ಕೆಟ್ಟಾಗ ಮಧ್ಯರಾತ್ರಿಯವರೆಗೆ ಕಚೇರಿಯಲ್ಲಿದ್ದು, ಕಂಪನಿಯ ಕ್ಯಾಬಿನಲ್ಲಿ ಮನೆ ಮುಟ್ಟುವ ನನ್ನಂಥವಳಿಗೆ ಇದು ಹಳೆಯ ಚರಿತ್ರೆಯಲ್ಲ. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರು ಮುಂದಿಟ್ಟು ನೋಡುವ ಆ ನೋಟ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಇದನ್ನು ತಿಳಿದು ಚಿತ್ರ ನೋಡಿದರೆ ಅದರ ಹೆಂಗಸರು ಬೇರೆಯಾಗಿ ಕಾಣುತ್ತಾರೆ. ನಾಯಕಿ ರೇಖಾ (ಶಕೀಲಾ) ಪೊಲೀಸ್ ಸೂಪರಿಂಟೆಂಡೆಂಟರ ಮಗಳು. ಕೊಲೆಗಾರನನ್ನು ಬೆನ್ನಟ್ಟಲು ಶೇಖರ್ ಅವಳ ಕಾರನ್ನು ಹೆಚ್ಚುಕಡಿಮೆ ಕಸಿದುಕೊಳ್ಳುತ್ತಾನೆ. ಅವಳು ಸಿಟ್ಟಿನಿಂದ ಕಾರಿನ ಕೀಲಿಯನ್ನೇ ಎಸೆದುಬಿಡುತ್ತಾಳೆ. ಸುರಿವ ಮಳೆಯಲ್ಲಿ ಇಬ್ಬರೂ ರಾತ್ರಿಯಿಡೀ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಗು ಬರಿಸುವ ದೃಶ್ಯ. ನಗಬಹುದಾದದ್ದು ಏಕೆಂದರೆ ಅವಳ ಬೆನ್ನಿಗೆ ಅಪ್ಪನ ಹುದ್ದೆ ಇದೆ, ಕಾರಿದೆ. ಒಂದು ರಾತ್ರಿ ಹೊರಗೆ ಕಳೆದರೂ ಅವಳ ಹೆಸರಿಗೆ ಏನೂ ಆಗುವುದಿಲ್ಲ.

ಕಾಮಿನಿಯ ಸಂಗತಿ ಹಾಗಲ್ಲ. ಅವಳು ಧರಮದಾಸ್‌ನ ಬಂಗಲೆಯಲ್ಲಿರುವವಳು. ಮೊದಲ ಸಲ ಅವಳು ಕಾಣಿಸಿಕೊಳ್ಳುವುದೇ ಶೇಖರ್‌ನಿಗೆ ಲಂಚ ಕೊಡಲು. ನಾಜೂಕಾಗಿ, ನಗುನಗುತ್ತಾ. ಅವಳು ಅಲ್ಲಿಗೆ ಹೇಗೆ ಬಂದಳು, ಯಾರ ಮಗಳು, ಏನು ಆಸೆಪಟ್ಟಿದ್ದಳು ಎಂಬುದರ ಬಗ್ಗೆ ಚಿತ್ರ ತುಟಿ ಬಿಚ್ಚುವುದಿಲ್ಲ. ಇದು ಅದರ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ರೇಖಾಳ ಗೆಳತಿ ಎಂಬ ಎಳೆಯೊಂದನ್ನು ತೋರಿಸಿ ಅದನ್ನೂ ಅರ್ಧಕ್ಕೇ ಬಿಡುತ್ತಾರೆ. ಆದರೆ ಕಥೆಯ ಕೀಲು ಇರುವುದು ಅವಳಲ್ಲೇ. ಆರೋಪ ಹೊತ್ತು ಓಡುತ್ತಿರುವ ಶೇಖರ್ ಆ ಬಂಗಲೆಯಲ್ಲಿ ಸಿಕ್ಕಿಬೀಳುವ ಹೊತ್ತಿನಲ್ಲಿ, ಯಜಮಾನನ ಕಣ್ಣನ್ನು ತನ್ನತ್ತ ಸೆಳೆದಿಟ್ಟುಕೊಳ್ಳಲು ಅವಳು ಹಾಡಲು ಕೂರುತ್ತಾಳೆ. ಇನ್‌ಸ್ಪೆಕ್ಟರನ ಜಾಣತನ, ಪಿಸ್ತೂಲು, ಕಾನೂನು ಯಾವುದೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವಳು ಯಾರ ಕಡೆ ಎಂದು ಅವಳೇ ತೀರ್ಮಾನಿಸಿದ ಆ ನಾಲ್ಕು ನಿಮಿಷಗಳಲ್ಲಿ ಚಿತ್ರ ತಿರುಗುತ್ತದೆ.

ಮುಂದೆ ಅವಳಿಗೆ ಗುಂಡೇಟು ಬೀಳುತ್ತದೆ. ಇಲ್ಲಿ ಲೀನಾಳನ್ನು ನೆನೆಯಿರಿ. ಐದು ವರ್ಷ ಹಿಂದಿನ ಲೆಕ್ಕದಲ್ಲಾಗಿದ್ದರೆ ಕಾಮಿನಿ ಆಗಲೇ ನಾಯಕನ ತೋಳಿನಲ್ಲಿ ಕಣ್ಣು ಮುಚ್ಚಬೇಕು, ನಾವು ಎರಡು ಹನಿ ಕಣ್ಣೀರು ಹಾಕಿ ಅವಳನ್ನು ಮರೆಯಬೇಕು. 'ಸಿ.ಐ.ಡಿ.' ಹಾಗೆ ಮಾಡದೆ ಅವಳನ್ನು ಆಸ್ಪತ್ರೆಗೆ ಸೇರಿಸುತ್ತದೆ. ಅವಳ ಬಾಯಿ ಮುಚ್ಚಿಸಲು ಧರಮದಾಸ್ ತಾನೇ ಅಲ್ಲಿಗೆ ಬರುತ್ತಾನೆ, ಬಂದಲ್ಲೇ ಸಿಕ್ಕಿಬೀಳುತ್ತಾನೆ. ಕ್ಲೈಮ್ಯಾಕ್ಸ್ ನಡೆಯುವುದು ಬಂದರಿನಲ್ಲಲ್ಲ, ಗೋದಾಮಿನಲ್ಲಲ್ಲ, ಒಬ್ಬ ಗಾಯಗೊಂಡ ಹೆಂಗಸಿನ ಮಂಚದ ಬಳಿ. ಅವಳ ಜೀವ ಉಳಿಸುವುದೇ ಚಿತ್ರದ ಕೊನೆಯ ಕೆಲಸವಾಗುತ್ತದೆ, ಏಕೆಂದರೆ ಸತ್ಯ ಗೊತ್ತಿರುವುದು ಅವಳಿಗೆ. ಯಾವ ಹೆಂಗಸಿನ ಮಾತಿಗೆ ಆ ಕಾಲದ ಊರಿನಲ್ಲಿ ಬೆಲೆಯಿರಲಿಲ್ಲವೋ ಅವಳ ಮಾತಿಗಾಗಿ ಪೊಲೀಸರೆಲ್ಲ ಕಾವಲು ಕೂರುತ್ತಾರೆ.

ಕಾಮಿನಿಯಾಗಿ ನಟಿಸಿದ ಹುಡುಗಿಗೆ ಆಗಿನ್ನೂ ಹದಿನೆಂಟರ ಆಸುಪಾಸು. ಚೆಂಗಲ್ಪಟ್ಟಿನಲ್ಲಿ ಹುಟ್ಟಿದ ವಹೀದಾ ರೆಹಮಾನ್ 'ರೋಜುಲು ಮಾರಾಯಿ' ಎಂಬ ತೆಲುಗು ಚಿತ್ರದ ನೃತ್ಯದಿಂದ ಹೆಸರಾಗಿದ್ದರು. ಹೈದರಾಬಾದಿಗೆ ಹೋದ ಗುರುದತ್ ಅವರನ್ನು ಗುರುತಿಸಿ ಮುಂಬಯಿಗೆ ಕರೆಸಿದರು. ಹೆಸರು ಉದ್ದವಾಯಿತು, ಬದಲಿಸು ಎಂದರು ಇಲ್ಲಿನವರು. ದೊಡ್ಡ ದೊಡ್ಡ ತಾರೆಯರೇ ಹೆಸರು ಬದಲಿಸಿಕೊಂಡ ಕಾಲ ಅದು. ಅಪ್ಪ ಅಮ್ಮ ಇಟ್ಟ ಹೆಸರು, ಬದಲಿಸುವುದಿಲ್ಲ ಎಂದರು ವಹೀದಾ. ಒಪ್ಪದ ಉಡುಪು ತೊಡುವುದಿಲ್ಲ ಎಂಬ ಮಾತನ್ನೂ ಕರಾರಿನಲ್ಲಿ ಬರೆಸಿದರು. ಕಾಗದಕ್ಕೆ ಸಹಿ ಹಾಕಲು ವಯಸ್ಸು ಸಾಲದೆ ತಾಯಿ ಸಹಿ ಹಾಕಬೇಕಾಯಿತು. ಅಷ್ಟು ಎಳೆಯ ಹುಡುಗಿ ಕರಾರಿನ ಒಂದೊಂದು ಸಾಲಿಗೂ ತಕರಾರು ತೆಗೆದದ್ದು ನನಗೆ ಚಿತ್ರದ ಯಾವ ದೃಶ್ಯಕ್ಕಿಂತಲೂ ಹೆಚ್ಚು ಇಷ್ಟ. ಕ್ಯಾಂಪಸ್ಸಿನಲ್ಲಿ ಸಿಕ್ಕ ಮೊದಲ ಆಫರ್ ಲೆಟರನ್ನು ಓದದೇ ಸಹಿ ಹಾಕುವವರು ನಾವು. ಆಮೇಲೆ ಆ ಹಾಡಿನ ಚಿತ್ರೀಕರಣದಲ್ಲಿ ತೆಳುವಾದ ರವಿಕೆಯ ಬಗ್ಗೆ ಜಗಳ ಬಂದಾಗ ಅವರು ಕರಾರಿನ ಮಾತಿಗೇ ಅಂಟಿಕೊಂಡರು. ಮೇಲೆ ದುಪಟ್ಟಾ ಬಂತು, ಕ್ಯಾಮೆರಾ ಓಡಿತು.

ಉಡುಪು ಸಿದ್ಧಪಡಿಸಿದವರೂ ಒಬ್ಬ ಹೆಂಗಸು, ಕೊಲ್ಹಾಪುರದ ಭಾನು ಅಥೈಯಾ. ವಸ್ತ್ರವಿನ್ಯಾಸಕಿಯಾಗಿ ಅವರ ಚಿತ್ರಜೀವನ ಆರಂಭವಾದದ್ದು 'ಸಿ.ಐ.ಡಿ.'ಯಿಂದ. ಮುಂದೆ 'ಗಾಂಧಿ' ಚಿತ್ರಕ್ಕಾಗಿ ಆಸ್ಕರ್ ಪಡೆದ ಮೊದಲ ಭಾರತೀಯರಾದರು.

'ಸಿ.ಐ.ಡಿ.' ಚೆನ್ನಾಗಿ ಓಡಿತು, ಆ ವರ್ಷದ ದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು. ಅದೇ ಗುರುದತ್, ಅದೇ ಮೂರ್ತಿ, ಅದೇ ವಹೀದಾ ಮರುವರ್ಷ, 1957ರಲ್ಲಿ, 'ಪ್ಯಾಸಾ' ಕೊಟ್ಟರು. ಅಲ್ಲಿ ಅಪರಾಧದ ಕಥೆಯಿಲ್ಲ, ಊರು ಕಲ್ಕತ್ತ. ಕತ್ತಲೆ ಮಾತ್ರ ಅದೇ. ವಹೀದಾ ಗುಲಾಬೋ ಆಗಿದ್ದಾರೆ, ಬೀದಿಯ ವೇಶ್ಯೆ. ಲೋಕವೆಲ್ಲ ಕವಿಯ ಕವಿತೆಯನ್ನು ರದ್ದಿಗೆ ಹಾಕಿದಾಗ ಅದನ್ನು ಓದಿ ಕಾಪಾಡಿದವಳು. ಕೊನೆಯಲ್ಲಿ ಕವಿ ಕೀರ್ತಿಯನ್ನು ಬಿಟ್ಟು ಅವಳನ್ನು ಕರೆದುಕೊಂಡು ಹೊರಟುಹೋಗುತ್ತಾನೆ. 1951ರಲ್ಲಿ ಸತ್ತ ಹೆಣ್ಣು, 1956ರಲ್ಲಿ ಕಾವಲು ಪಡೆದ ಹೆಣ್ಣು, 1957ರಲ್ಲಿ ನಾಯಕನ ಜೊತೆ ನಡೆದುಹೋದ ಹೆಣ್ಣು. ಇದನ್ನು ಯಾರಾದರೂ ಯೋಜನೆ ಹಾಕಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಒಂದೇ ತಂಡ ಒಂದೇ ಬಗೆಯ ಹೆಣ್ಣನ್ನು ಮತ್ತೆ ಮತ್ತೆ ಕತ್ತಲಲ್ಲಿ ನಿಲ್ಲಿಸಿ ಬೆಳಕು ಹಿಡಿಯುತ್ತಿದ್ದರೆ, ಅವಳ ಮುಖ ನಿಧಾನವಾಗಿ ಮನುಷ್ಯರ ಮುಖದಂತೆ ಕಾಣತೊಡಗುತ್ತದೆ ಎಂದಷ್ಟೇ.

ಗುರುದತ್ 1964ರಲ್ಲಿ, ನಲವತ್ತಕ್ಕೆ ಮುಂಚೆಯೇ ತೀರಿಕೊಂಡರು. ಬೆಳಕು ಹಿಡಿದ ಮೂರ್ತಿ ಬಹುಕಾಲ ಬದುಕಿದರು. 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಗಳಿಗೆ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ. 2014ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಹಿಂದಿಯಲ್ಲೇ ಆಯುಷ್ಯ ಕಳೆದ ಅವರು ಕನ್ನಡಕ್ಕಾಗಿ ಕ್ಯಾಮೆರಾ ಹಿಡಿದದ್ದು ಎಪ್ಪತ್ತರ ಹೊಸ್ತಿಲಲ್ಲಿ, ರಾಜೇಂದ್ರ ಸಿಂಗ್ ಬಾಬು ಅವರ 1993ರ 'ಹೂವು ಹಣ್ಣು' ಚಿತ್ರಕ್ಕೆ. ತ್ರಿವೇಣಿಯವರ ಕಾದಂಬರಿ ಅದು. ಗಂಡ ಸತ್ತ ಮೇಲೆ ಮಗಳನ್ನು ಸಾಕಲು ಬೇರೆ ದಾರಿ ಕಾಣದೆ ಮೈ ಮಾರಿಕೊಳ್ಳುವ ತಾಯಿಯೊಬ್ಬಳ ಕಥೆ. 'ಸಿ.ಐ.ಡಿ.' ಹೇಳದೆ ಬಿಟ್ಟ ಪ್ರಶ್ನೆಯನ್ನು, ಅಂಥ ಮನೆಗೆ ಒಬ್ಬ ಹೆಂಗಸು ಹೇಗೆ ಬಂದು ಸೇರುತ್ತಾಳೆ ಎಂಬುದನ್ನು, ತ್ರಿವೇಣಿ ಮೊದಲ ಪುಟದಿಂದ ಹೇಳುತ್ತಾ ಹೋಗುತ್ತಾರೆ.